ಛಂದಸ್ಸಿಗೆ ಯಾರೂ ಕರೆಯದ ಗೆಳತಿ

ಆಕೆ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಿಂದ. ಹಾನಗಲ್ಲಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಕಿರುಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಯಾರೋ ಆಕೆಯ ಫೋಟೊ ಹಾಕಿ, ಕೆಳಗೆ ‘ತಮ್ಮ ಸಮುದಾಯಕ್ಕೆ ಕೀರ್ತಿ ತಂದ ಉಪನ್ಯಾಸಕಿ ಇನ್ನಿಲ್ಲ’ ಎಂದು ಬರೆದಿದ್ದರು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಇದು ಬರುವ ಸುದ್ದಿಯೇ ಎಂದು ನನಗೆ ಗೊತ್ತಿತ್ತು. ಫೋನು ಮಗುಚಿಟ್ಟು ಮತ್ತೆ ಪೇಪರು ತಿದ್ದಿದೆ. ಆ ವಾಕ್ಯ ಆಕೆಯ ಕೈಗೆ ಸಿಕ್ಕಿದ್ದರೆ ‘ಸಮುದಾಯ’ ಎಂಬ ಪದದ ಸುತ್ತ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ವಿಷಯಾಂತರ’ ಎಂದು ಬರೆದು ವಾಪಸು ಕೊಡುತ್ತಿದ್ದಳು.

ಎಂ.ಎ. ಓದುವಾಗ ಎರಡು ವರ್ಷ ನಾವು ಮೂವರು ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದೆವು. ನಾನು ಸವಣೂರಿನವಳು, ಎಲೆ ವ್ಯಾಪಾರದ ಮನೆಯಿಂದ ಬಂದವಳು. ಅಬ್ಬಾ ತೋಟದಿಂದ ವೀಳ್ಯದೆಲೆ ತಂದು ಕಟ್ಟು ಕಟ್ಟಿ ಊರೂರಿಗೆ ಕಳಿಸುತ್ತಿದ್ದರು. ಇನ್ನೊಬ್ಬಳು ಶಿಗ್ಗಾಂವಿಯ ಕಾಳುಕಡಿ ವ್ಯಾಪಾರಿಯ ಮಗಳು. ಮೂರನೆಯವಳು ಆಕೆ. ಹಿರೇಕೆರೂರು ತಾಲೂಕಿನಲ್ಲಿ, ಅಬಲೂರಿನ ಹತ್ತಿರದ ಒಂದು ಸಣ್ಣ ಊರಿನವಳು. ಅಪ್ಪ ಹಿರೇಕೆರೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ.

ಮೊದಲ ದಿನ ಹಾಸಿಗೆ ಬಿಚ್ಚುತ್ತಿರುವಾಗಲೇ ಶಿಗ್ಗಾಂವಿಯವಳು ಆಕೆಯನ್ನು ಕೇಳಿದಳು, “ನೀವು ಯಾರ ಪೈಕಿ?”

ನಮ್ಮ ಕಡೆ ಜಾತಿ ಕೇಳುವುದು ಹೀಗೆಯೇ. ನನ್ನನ್ನು ಯಾರೂ ಕೇಳುವುದಿಲ್ಲ, ಹೆಸರೇ ಹೇಳಿಬಿಡುತ್ತದೆ. ಆಕೆಯ ಹೆಸರು ಹಾಗಿರಲಿಲ್ಲ. ಅದು ಯಾರ ಮನೆಯಲ್ಲಾದರೂ ಇರಬಹುದಾದ ಹೆಸರು. ಆಕೆ ಟ್ರಂಕಿನ ಮೇಲೆ ಕೂತು ಕಾಲು ಒರೆಸಿಕೊಳ್ಳುತ್ತಾ ಹೇಳಿದಳು:

“ನಾವು ಬೌದ್ಧರು. ನಾ ಹುಟ್ಟೂಕಿಂತ ಮೊದಲ ಅಪ್ಪ ಧರ್ಮ ತಗೊಂಡಾನ. ಅದಕ್ಕೂ ಮೊದಲ ಏನಿದ್ವಿ ಅನ್ನೂದು ನಿನಗೂ ಗೊತ್ತಾತು, ನನಗೂ ಗೊತ್ತೈತಿ. ಇದನ್ನ ಒಂದ ಸಲ ಹೇಳತೇನಿ, ಇನ್ನೊಮ್ಮೆ ಕೇಳಬ್ಯಾಡ. ನನಗ ದಣಿವಾಗತೈತಿ.”

ಆಗಿನ್ನೂ ಹುಡುಗಿ. ಅಷ್ಟು ಸಣ್ಣ ವಯಸ್ಸಿನವಳ ಬಾಯಲ್ಲಿ ‘ದಣಿವು’ ಎಂಬ ಮಾತು ಕೇಳಿ ಶಿಗ್ಗಾಂವಿಯವಳು ಮತ್ತೆ ಹಾಸಿಗೆ ಬಿಚ್ಚತೊಡಗಿದಳು. ಆಮೇಲೆ ಆಕೆಯೇ ಮಾತು ಬದಲಿಸಿದಳು. “ಇಲ್ಲಿ ಊರ ಹೆಸರ ಸಾಕು. ನೀ ಶಿಗ್ಗಾಂವಿ, ಇಕಿ ಸವಣೂರ, ನಾ ಹಿರೇಕೆರೂರ.” ಹಾಸ್ಟೆಲ್ಲಿನಲ್ಲಿ ಅದೇ ನಿಂತಿತು. ಶಿಗ್ಗಾಂವಿಯವಳನ್ನು ನಾನು ಇಂದಿಗೂ ಶಿಗ್ಗಾಂವಿ ಎಂದೇ ಕರೆಯುತ್ತೇನೆ.

ಹೇಳಲೇಬೇಕು, ಆ ಕೋಣೆಯಲ್ಲಿ ನಮ್ಮ ನಡುವೆ ಯಾವ ಗೆರೆಯೂ ಇರಲಿಲ್ಲ. ಶಿಗ್ಗಾಂವಿಯ ಮನೆಯಿಂದ ಬಂದ ಕಟಕರೊಟ್ಟಿ, ಶೇಂಗಾ ಹಿಂಡಿ ಮೂವರೂ ಒಂದೇ ಹಾಳೆಯ ಮೇಲೆ ಹರವಿಕೊಂಡು ತಿನ್ನುತ್ತಿದ್ದೆವು. ಶಿಗ್ಗಾಂವಿಯವಳ ಕೂದಲು ಉದ್ದ. ಅದನ್ನು ಬಾಚಿ ಹೆಣೆಯುವುದು ಆಕೆಯ ಕೆಲಸ. ಹೆಣೆಯುತ್ತಾ ಹೆಣೆಯುತ್ತಾ ಛಂದಸ್ಸಿನ ಪಾಠ ಒಪ್ಪಿಸುತ್ತಿದ್ದಳು.

ಆಕೆಯ ಹುಚ್ಚು ಅದು, ಛಂದಸ್ಸು. ನಾವೆಲ್ಲ ಪರೀಕ್ಷೆಯ ಹೆದರಿಕೆಗೆ ಗಣ ಉರುಹೊಡೆದವರು. ಆಕೆಗೆ ಲೋಕವೇ ಲಘು-ಗುರುವಾಗಿ ಕೇಳಿಸುತ್ತಿತ್ತು. ಮಾತನಾಡುವಾಗ ಬಲಗೈಯ ಎರಡು ಬೆರಳು ತೊಡೆಯ ಮೇಲೋ ಪುಸ್ತಕದ ಮೇಲೋ ತಾಳ ಹಾಕುತ್ತಿದ್ದವು. ಒಮ್ಮೆ ಹೈವೇ ಬಸ್ಸಿಗೆ ಕಾಯುತ್ತಾ ನಿಂತಾಗ ಕಂಡಕ್ಟರು “ಹುಬ್ಬಳ್ಳಿ ಹುಬ್ಬಳ್ಳಿ” ಎಂದು ಕೂಗುತ್ತಿದ್ದ. ಆಕೆ ಬೆರಳು ಮಡಚಿ, “ಐದು ಮಾತ್ರೆ” ಎಂದಳು. “ಶಿಗ್ಗಾಂವಿನೂ ಐದು. ಸವಣೂರನೂ ಐದು. ಹಾನಗಲ್ ಅಂತ ಗಟ್ಟಿ ಅಂದ್ರ ಅದೂ ಐದು. ಬಂಕಾಪುರಕ್ಕ ಒಂದು ಹೆಚ್ಚಾಗತೈತಿ.”

“ನಿಮ್ಮೂರು?” ಎಂದೆ.

“ಹಿರೇಕೆರೂರ ಏಳು. ನಮ್ಮೂರು ಯಾರ ಸಾಲಿನ್ಯಾಗೂ ಕುಂದ್ರಂಗಿಲ್ಲ ನೋಡು.” ಹೇಳಿ ಗಂಭೀರವಾಗಿ ಬಸ್ಸು ಹತ್ತಿದಳು.

ಕ್ಯಾಂಪಸ್ಸಿನಲ್ಲಿ ನಾನು ಕೆಲವು ದಿನ ಬುರ್ಖಾ ಹಾಕುತ್ತಿದ್ದೆ, ಕೆಲವು ದಿನ ಇಲ್ಲ. ಹಾಕಿದ ದಿನ ಯಾಕೆ ಹಾಕಿದೆ ಎಂದು ಕೆಲವರು ಕೇಳುತ್ತಿದ್ದರು. ಹಾಕದ ದಿನ ಯಾಕೆ ಹಾಕಿಲ್ಲ ಎಂದು ಇನ್ನು ಕೆಲವರು. ಇಬ್ಬರಿಗೂ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಒಂದು ದಿನ ಕೋಣೆಗೆ ಬಂದು ಅತ್ತೆ. ಆಕೆ ಸಮಾಧಾನ ಮಾಡಲಿಲ್ಲ. “ಕೇಳಿದವರಿಗೆ ಹವಾಮಾನ ಹೇಳು” ಎಂದಳು. “ಧೂಳ ಇತ್ತು, ಹಾಕ್ಕೊಂಡೆ ಅನ್ನು. ಶಕಿ ಇತ್ತು, ತಗದೆ ಅನ್ನು. ನಿಜ ಹೇಳೂವಷ್ಟು ಅವರು ನಿನಗ ಹತ್ತಿರದವರಲ್ಲ.” ಈ ಮಾತು ನನಗೆ ಇಷ್ಟು ವರ್ಷ ನೌಕರಿಯಲ್ಲಿ ಉಪಯೋಗಕ್ಕೆ ಬಂದಿದೆ.

ಹೊರಗಿನವರು ತನ್ನನ್ನು ಯಾರೆಂದುಕೊಂಡರೂ ಆಕೆ ತಿದ್ದುತ್ತಿರಲಿಲ್ಲ. ಸುಳ್ಳು ಹೇಳುತ್ತಿರಲಿಲ್ಲ, ಕೇಳದೆ ಹೇಳುತ್ತಲೂ ಇರಲಿಲ್ಲ. ಆದರೆ ವಿಭಾಗದಲ್ಲಿ ಕಡತ ನೋಡಿದವರಿಗೆ ಎಲ್ಲ ಗೊತ್ತಿರುತ್ತದಲ್ಲ. ಏಪ್ರಿಲ್ ತಿಂಗಳ ಜಯಂತಿ ಬಂತೆಂದರೆ ಭಾಷಣಕ್ಕೆ ಆಕೆ ಬೇಕು. ಭಾವೈಕ್ಯತೆಯ ಕಾರ್ಯಕ್ರಮ ಬಂತೆಂದರೆ ನಾನು ಬೇಕು. ಒಂದು ವರ್ಷ ಎರಡೂ ಒಂದೇ ವಾರದಲ್ಲಿ ಬಂದವು. ಆಕೆ ಭಾಷಣ ಮುಗಿಸಿ, ಕೊಟ್ಟ ಗುಲಾಬಿ ಹೂವು ಹಿಡಿದುಕೊಂಡು ಕ್ಯಾಂಟೀನಿಗೆ ಬಂದು ಕೂತಳು.

“ನಿನ್ನ ಭಾವೈಕ್ಯತೆಗೆ ಕರೀತಾರ. ನನ್ನ ಸಮಾನತೆಗೆ ಕರೀತಾರ” ಎಂದಳು. “ಛಂದಸ್ಸಿಗೆ ಯಾರನ್ನ ಕರೀತಾರ?”

ಶಿಗ್ಗಾಂವಿಯವಳು ಚಹಾ ಆರಿಸುತ್ತಾ, “ನನ್ನ ಯಾತಕ್ಕೂ ಕರಿಯಂಗಿಲ್ಲ” ಎಂದಳು.

“ಕರಿಯೂದು ಯಾಕ ಬೇಕು, ನೀ ಅಲ್ಲೇ ಕುಂತಿರತಿ” ಎಂದಳು ಆಕೆ. ಮೂವರೂ ನಕ್ಕೆವು. ಆಗ ನಗುವುದು ಸುಲಭವಿತ್ತು.

ಎಂ.ಎ. ಮುಗಿದ ಮೇಲೆ ನಾನೂ ಆಕೆಯೂ ಶಿಗ್ಗಾಂವಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾದೆವು. ಹೆಸರಿಗೆ ಅತಿಥಿ. ಪ್ರತಿ ವರ್ಷ ರಜೆ ಬಂದಾಗ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಚಿಂತೆ. ಶಿಗ್ಗಾಂವಿಯವಳು ಅಲ್ಲಿಯೇ, ಊರೊಳಗಿನ ಸಂಬಂಧದಲ್ಲೇ ಮದುವೆಯಾಗಿದ್ದಳು. ನಾನು ಸವಣೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಆಕೆಗೆ ದಿನವೂ ಅಷ್ಟು ದೂರದಿಂದ ಬರುವುದು ಆಗದ ಮಾತು. ಇಬ್ಬರೂ ಸೇರಿ ಒಂದು ಮನೆ ಹಿಡಿಯೋಣ ಎಂದುಕೊಂಡು ಹುಡುಕಿದೆವು. ಮನೆಗಳಿದ್ದವು, ಮಾಲೀಕರ ಮುಖಗಳು ನನ್ನ ಹೆಸರು ಕೇಳಿದ ಮೇಲೆ ಬದಲಾಗುತ್ತಿದ್ದವು. ಕೊನೆಗೆ ಶಿಗ್ಗಾಂವಿಯವಳು, “ನಮ್ಮ ಕಾಕಾನ ಮಾಳಗಿ ಮನಿ ಖಾಲಿ ಐತಿ, ನಾ ಮಾತಾಡೇನಿ, ಬರ್ರಿ” ಎಂದು ಕರೆದುಕೊಂಡು ಹೋದಳು.

ಕಾಕಾ ಒಳ್ಳೆಯ ಮನುಷ್ಯ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಗಾದಿಯ ಮೇಲಿಂದ ಎದ್ದು, “ಬರ್ರಿ, ಕುಂದರ್ರಿ” ಎಂದು ಕುರ್ಚಿ ಹಾಕಿಸಿದ. ತಂಪು ನೀರು ಬಂತು, ಚಹಾ ಬಂತು. ಕೀಲಿ ಅವನ ಕೈಯಲ್ಲೇ ಇತ್ತು. ಆಮೇಲೆ ಆಕೆಯ ಕಡೆ ತಿರುಗಿ ಹೇಳಿದ:

“ನಮ್ಮ ಹುಡುಗಿ ಹೇಳ್ಯಾಳವಾ, ನೀವು ನಮ್ಮವರ ಪೈಕಿನ ಅಂತ. ಹಂಗಾಗಿ ಚಿಂತಿ ಇಲ್ಲ. ಇವರು ಆಗೊಮ್ಮೆ ಈಗೊಮ್ಮೆ ಬಂದು ಹೋಗಲಿ, ಬ್ಯಾಡ ಅನ್ನಂಗಿಲ್ಲ. ಇರೂದು ಮಾತ್ರ ಆಗಂಗಿಲ್ಲ. ತಪ್ಪ ತಿಳ್ಕೋಬ್ಯಾಡ್ರಿ.”

‘ಇವರು’ ಎಂದರೆ ನಾನು. ನನಗೆ ಅದು ಹೊಸದಲ್ಲ, ಆಗಲೇ ಚೀಲ ಎತ್ತಿಕೊಂಡಿದ್ದೆ. ಆದರೆ ಆಕೆ ಕಾಕಾನನ್ನು ನೋಡುತ್ತಿರಲಿಲ್ಲ. ಶಿಗ್ಗಾಂವಿಯವಳನ್ನು ನೋಡುತ್ತಿದ್ದಳು. ಶಿಗ್ಗಾಂವಿಯವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಅರ್ಧ ಕುಡಿದ ಚಹಾದ ಕಪ್ಪನ್ನು ಆಕೆ ನಿಧಾನವಾಗಿ ಕೆಳಗಿಟ್ಟಳು. “ಕಾಕಾರ, ನಾವು ನಿಮ್ಮವರ ಪೈಕಿ ಅಲ್ರಿ. ನಮ್ಮಪ್ಪ ಬೌದ್ಧ ಧರ್ಮ ತಗೊಂಡಾನ. ಅದಕ್ಕಿಂತ ಮೊದಲ ನಾವು ಊರ ಹೊರಗಿನ ಕೇರಿಯವರು. ನಿಮ್ಮ ಹುಡುಗಿಗೆ ಇದು ಗೊತ್ತೈತಿ. ಮರತಿರಬೇಕು.”

ಕಾಕಾ ಕೀಲಿಯನ್ನು ಕಿಸೆಗೆ ಹಾಕಿಕೊಂಡ. ಸಿಟ್ಟಾಗಲಿಲ್ಲ, ಬಯ್ಯಲಿಲ್ಲ. “ಹಿಂದಿನ ವಾರನ ಒಬ್ರು ಕೇಳಿ ಹೋಗ್ಯಾರ, ನೆನಪ ಇರ್ಲಿಲ್ಲ ನೋಡ್ರಿ” ಎಂದು ಎದ್ದ.

ಹೊರಗೆ ಓಣಿಯಲ್ಲಿ ಲಾರಿಯೊಂದರಿಂದ ಗೋವಿನಜೋಳದ ಚೀಲ ಇಳಿಸುತ್ತಿದ್ದರು. ಆ ಧೂಳಿನಲ್ಲಿ ನಿಂತು ಶಿಗ್ಗಾಂವಿಯವಳು ಕಣ್ಣೀರು ತುಂಬಿಕೊಂಡು ಹೇಳಿದಳು, “ನಿನ್ನ ಸಲುವಾಗೇ ಹಂಗ ಹೇಳಿದ್ನಿ. ಇಲ್ಲಂದ್ರ ಯಾರು ಕೊಡತಾರ? ನೀ ಸುಮ್ಮನಿದ್ದಿದ್ರ ಮನಿ ಸಿಗತಿತ್ತು.”

“ಸಿಗತಿತ್ತು” ಎಂದಳು ಆಕೆ. “ಆದ್ರ ಅದರಾಗ ನಾ ಇರತಿರ್ಲಿಲ್ಲ. ನೀ ಮಾಡಿದ ಬ್ಯಾರೆ ಯಾರೋ ಇರತಿದ್ಲು.”

“ನೀನೂ ಯಾರಿಗೂ ಹೇಳತಿರ್ಲಿಲ್ಲಲ್ಲ?”

“ನಾ ಹೇಳದ ಇರೂದು ಬ್ಯಾರೆ. ನೀ ಅಳಿಸೂದು ಬ್ಯಾರೆ.”

ಅಷ್ಟೇ. ಆಕೆಯ ದನಿ ಏರಲಿಲ್ಲ. ಬಸ್‌ಸ್ಟ್ಯಾಂಡಿನತ್ತ ನಡೆದಳು, ನಾನು ಹಿಂದೆ ನಡೆದೆ. ಅಂದಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಶಿಗ್ಗಾಂವಿಯವಳು ಎರಡು ಮೂರು ಸಲ ಫೋನು ಮಾಡಿದಳು. ಆಕೆ ಎತ್ತಲಿಲ್ಲ. ನನ್ನನ್ನು ಮಾತ್ರ ಯಾವ ಕಡೆಗೂ ಎಳೆಯಲಿಲ್ಲ. ಶಿಗ್ಗಾಂವಿಯ ಮನೆಗೆ ನಾನು ಹೋಗಿ ಬಂದರೆ, “ಅರಾಮ ಅದಾಳೇನು?” ಎಂದು ಕೇಳುತ್ತಿದ್ದಳು. ಅರಾಮ ಎಂದರೆ ತಲೆಯಾಡಿಸಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು.

ನಾವು ಕೊನೆಗೆ ಬಂಕಾಪುರದಲ್ಲಿ ನಮ್ಮ ಖಾಲಾನ ಮನೆಯ ಹಿಂದಿನ ಎರಡು ಕೋಣೆ ಹಿಡಿದೆವು. ಖಾಲಾ ಎಂದರೆ ನನ್ನ ತಾಯಿಯ ತಂಗಿ. ಖಾಲಾ ಕೂಡ ಮೊದಲ ದಿನ ಕೇಳಿದ್ದು ಯಾರ ಪೈಕಿ ಎಂದೇ, ನಮ್ಮ ಮನೆಮಾತು ಉರ್ದುವಿನಲ್ಲಿ. ಕೋಣೆಯನ್ನೇನೋ ಕೊಟ್ಟಳು. ಆದರೆ ಸಂಜೆ ಚಹಾ ಬರುವಾಗ ಗೆಳತಿಗೆ ದಿನವೂ ಅದೇ ಕಿವಿ ಮುರಿದ ಕಪ್ಪು ಬರುತ್ತಿತ್ತು. ಅದು ನನ್ನ ಕಣ್ಣಿಗೆ ಬಿದ್ದಾಗ ಸುಮ್ಮನೆ ಕಪ್ಪು ಬದಲಿಸಿ ಅವಳದನ್ನು ನಾನು ಕುಡಿದೆ. ಆಕೆಗೆ ಮೊದಲೇ ಗೊತ್ತಿತ್ತು. “ನಿಮ್ಮ ಮನ್ಯಾಗೂ ಐತೇನು?” ಎಂದು ನಕ್ಕಳು. ನಾನು ಖಾಲಾನ ಹತ್ತಿರ ಜಗಳಕ್ಕೆ ಎದ್ದೆ. ಕೈ ಹಿಡಿದು ಕೂರಿಸಿದಳು. “ಬ್ಯಾಡ ಬಿಡು. ವರ್ಷಕ್ಕ ಒಂದ ಜಗಳ ಸಾಕು. ಪಾಠ ಮಾಡಾಕ ತ್ರಾಣ ಉಳೀಬೇಕು.” ಕೆಲವು ತಿಂಗಳ ಮೇಲೆ ಆ ಕಪ್ಪು ತಾನಾಗಿಯೇ ಮಾಯವಾಯಿತು. ಖಾಲಾನ ಮೊಮ್ಮಗಳಿಗೆ ಆಕೆ ಕನ್ನಡ ಹೇಳಿಕೊಡುತ್ತಿದ್ದಳು. ಖಾಲಾ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು.

ತ್ರಾಣ ಉಳಿಸುವುದು. ಆಕೆಯ ಜೀವನವೆಲ್ಲ ಇದೇ ಲೆಕ್ಕವಾಗಿತ್ತೇನೋ. ಯಾವುದಕ್ಕೆ ಸಿಟ್ಟಾಗಬೇಕು, ಯಾವುದನ್ನು ಹೋಗಲಿ ಬಿಡಬೇಕು. ನನಗೆ ಹಾನಗಲ್ಲಿನಲ್ಲಿ ಕಾಯಂ ಕೆಲಸ ಸಿಕ್ಕಿತು. ಆಕೆಗೆ ಸಿಗಲಿಲ್ಲ. ಒಮ್ಮೆ ನೇಮಕಾತಿಗೆ ತಡೆ, ಇನ್ನೊಮ್ಮೆ ಕೋರ್ಟು, ಮತ್ತೊಮ್ಮೆ ಆಕೆಯದೇ ಸಂಶೋಧನೆ ಅರ್ಧಕ್ಕೆ ನಿಂತದ್ದು. ಅಬಲೂರಿನ ಸುತ್ತಲಿನ ಶಾಸನಗಳ ಪದ್ಯಗಳ ಮೇಲೆ ಕೆಲಸ ಮಾಡುತ್ತಿದ್ದಳು. ಬಿಸಿಲಲ್ಲಿ ಕಲ್ಲಿನ ಮುಂದೆ ಕೂತು ಓದಿ ಬಂದ ದಿನ ಮಾತ್ರ ಆಕೆಯ ಮುಖದಲ್ಲಿ ದಣಿವು ಕಾಣುತ್ತಿರಲಿಲ್ಲ.

ಹೀಗಿರುವಾಗ ನಮ್ಮ ವಿಭಾಗದಿಂದ ಕರೆ ಬಂತು. ಹಳೆಯ ವಿದ್ಯಾರ್ಥಿಗಳ ಸಮಾವೇಶ. ಬೇರೆ ಬೇರೆ ಹಿನ್ನೆಲೆಯಿಂದ ಬಂದವರು ಕ್ಯಾಂಪಸ್ ತಮ್ಮನ್ನು ಹೇಗೆ ರೂಪಿಸಿತು ಎಂದು ಮಾತನಾಡಬೇಕು. ನಮ್ಮ ಕೋಣೆಯ ಮೂವರನ್ನೂ ಕರೆದಿದ್ದರು. ಕಾರ್ಯಕ್ರಮ ಮಾಡಿಸುವ ಹೊಸ ಮೇಷ್ಟ್ರಿಗೆ ನಮ್ಮ ವಿಷಯ ಯಾರೋ ಹೇಳಿದ್ದರಂತೆ. ವೇದಿಕೆಯ ಮೇಲೆ ನಮ್ಮ ಹಾಸ್ಟೆಲ್ ಕಾಲದ ಫೋಟೊವೊಂದನ್ನು ದೊಡ್ಡದಾಗಿ ತೋರಿಸಿದರು. “ಮೂರು ಧರ್ಮ, ಒಂದೇ ಕೋಣೆ. ಇದು ನಮ್ಮ ಕ್ಯಾಂಪಸ್” ಎಂದು ಅವರು ಹೇಳಿದಾಗ ಮಕ್ಕಳು ಚಪ್ಪಾಳೆ ಹೊಡೆದರು.

ವೇದಿಕೆಯಲ್ಲಿ ನಾನು ನಡುವೆ ಕೂತಿದ್ದೆ. ಎಡಕ್ಕೆ ಶಿಗ್ಗಾಂವಿ, ಬಲಕ್ಕೆ ಆಕೆ. ಅವರಿಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ನಾನು ಎದ್ದು ಹವಾಮಾನದಂಥ ಒಂದಷ್ಟು ಮಾತು ಹೇಳಿ ಕೂತೆ. ಶಿಗ್ಗಾಂವಿಯವಳು ರೊಟ್ಟಿ ಹಂಚಿಕೊಂಡು ತಿಂದದ್ದನ್ನು ಹೇಳಿದಳು. ಆಕೆ ಎದ್ದಾಗ ಶಿಗ್ಗಾಂವಿಯವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಕಾಕಾನ ಮನೆಯ ಮಾತು ಬರುತ್ತದೆ ಎಂದು ಇಬ್ಬರಿಗೂ ಅನ್ನಿಸಿತ್ತು.

ಆಕೆ ಆ ಫೋಟೊದ ಕಡೆ ತಿರುಗಿಯೂ ನೋಡಲಿಲ್ಲ.

“ಇಲ್ಲಿ ನನಗ ಒಂದು ಮಧ್ಯಾಹ್ನ ನೆನಪೈತಿ” ಎಂದು ಶುರು ಮಾಡಿದಳು. “ನಮ್ಮ ಸರ್ ಒಂದು ಶಾಸನದ ಪಡಿಯಚ್ಚು ತಂದಿದ್ರು. ಅದರಾಗ ಒಂದು ಅಕ್ಷರ ಸವೆದುಹೋಗಿತ್ತು. ಸರ್ ಹ್ರಸ್ವ ಅಂದ್ರು. ನಾ ದೀರ್ಘ ಇರಬೇಕು, ಇಲ್ಲಂದ್ರ ಪದ್ಯ ಕೆಡತೈತಿ ಅಂದೆ. ಇಬ್ರೂ ಲೈಬ್ರರ‍್ಯಾಗ ಕುಂತು ವಾದ ಮಾಡಿದ್ವಿ. ಮೆಸ್ ಮುಚ್ಚಿತು. ಸರ್ ಡಬ್ಬಿ ತಗೀಲಿಲ್ಲ. ಕಡೀಕ ಅವರು ‘ಹೌದು, ನೀ ಹೇಳಿದ್ದ ಖರೆ’ ಅಂದ್ರು. ಹೊರಗ ಬಂದಾಗ ಬಿಸಲ ಇಳದಿತ್ತು. ಅಲ್ಲೀತನ ನಾ ಯಾರು, ಯಾರ ಮಗಳು, ಎಲ್ಲಿಂದ ಬಂದೆ ಅನ್ನೂದು ನನಗ ಒಮ್ಮೆನೂ ನೆನಪಾಗಿರ್ಲಿಲ್ಲ. ಆ ಅಕ್ಷರಕ್ಕೂ ಬೇಕಾಗಿರ್ಲಿಲ್ಲ, ಸರ್‌ಗೂ ಬೇಕಾಗಿರ್ಲಿಲ್ಲ. ಎರಡು ವರ್ಷದಾಗ ಅಂಥದು ಒಂದ ಮಧ್ಯಾಹ್ನ ಸಿಕ್ತು. ನಿಮಗ ಹೆಚ್ಚು ಸಿಗಲಿ.”

ಅಷ್ಟು ಹೇಳಿ ಕೂತಳು. ಚಪ್ಪಾಳೆ ತಡವಾಗಿ ಬಂತು. ಕಾರ್ಯಕ್ರಮದವರಿಗೆ ಅದು ತಾವು ಕೇಳಿದ ಮಾತು ಅನ್ನಿಸಲಿಲ್ಲವೇನೋ, ಬೇಗ ವಂದನಾರ್ಪಣೆ ಮಾಡಿಬಿಟ್ಟರು.

ಊಟದ ಪಂಗತಿಯ ಹೊರಗೆ ಶಿಗ್ಗಾಂವಿಯವಳು ಆಕೆಯ ಎದುರು ಹೋಗಿ ನಿಂತಳು. “ನೀ ಹೇಳಲಿಲ್ಲ. ಉಪಕಾರ ಆತು” ಎಂದಳು.

“ನಿನ್ನ ಸಲುವಾಗಿ ಅಲ್ಲ” ಎಂದಳು ಆಕೆ. “ಚಪ್ಪಾಳಿ ಹೊಡಿಯೂ ಮಂದಿ ಮುಂದ ಹೇಳೂವಷ್ಟು ಸಣ್ಣ ಮಾತಲ್ಲ ಅದು.” ಕೈ ತೊಳೆಯಲು ನಲ್ಲಿಯ ಕಡೆಗೆ ಹೋದಳು. ಆದರೂ ಅದು ಎಷ್ಟೋ ವರ್ಷಗಳ ಮೇಲೆ ಅವರ ನಡುವೆ ಬಂದ ಮೊದಲ ಮಾತು.

ಅದರ ಮುಂದಿನ ವರ್ಷವೇ ಆಕೆಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಔಷಧಿ ನಡೆಯಿತು. ಅತಿಥಿಗಳಿಗೆ ರಜೆ ಎಂಬುದು ಇರುವುದಿಲ್ಲ. ಸ್ವಲ್ಪ ಚೇತರಿಸಿಕೊಂಡಾಗಲೆಲ್ಲ ತಲೆಗೆ ಶಾಲು ಸುತ್ತಿಕೊಂಡು ಕ್ಲಾಸಿಗೆ ಬಂದಳು. ನಿಂತು ಪಾಠ ಮಾಡಲು ಆಗದಿದ್ದಾಗ ಕುರ್ಚಿ ಹಾಕಿಸಿಕೊಂಡಳು. ಅದೂ ಆಗದಾದಾಗ ಊರಿಗೆ, ಅಪ್ಪನ ಮನೆಗೆ ಹೋದಳು.

ನಾನು ನೋಡಲು ಹೊರಟಿರುವುದು ತಿಳಿದು ಶಿಗ್ಗಾಂವಿಯವಳು ಫೋನು ಮಾಡಿದಳು. “ನಾನೂ ಬರಲೇನು?” ಎಂದಳು. ನಾನು ಹೊರಡುವ ದಿನವನ್ನಷ್ಟೇ ಹೇಳಿದೆ. ಹಾನಗಲ್ಲಿಗೆ ತಾನೇ ಕಾರು ತಂದಳು. ಹಾದಿಯುದ್ದಕ್ಕೂ ಕೇಳುತ್ತಿದ್ದಳು, “ಏನನ್ನಲಿ? ತಪ್ಪಾತು ಅನ್ನಲೇನು? ಈಗ ಹೋಗಿ ಅಂದ್ರ, ಸಾಯೂ ಮುಂದ ಬಂದ್ಲು ಅನ್ನಂಗಿಲ್ಲೇನು?” ನಾನು ಹತ್ತಿಯ ಹೊಲ ನೋಡುತ್ತಾ ಕೂತಿದ್ದೆ.

ಸಣ್ಣ ಮನೆ. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಹೊಲಿಗೆ ಮಷಿನ್. ಆಕೆಯ ಅಪ್ಪ ಅಂಗಡಿ ಬಿಟ್ಟು ಮಗಳ ಹತ್ತಿರವೇ ಇದ್ದುಕೊಂಡು ಮನೆಯಲ್ಲೇ ಹೊಲಿಯುತ್ತಿದ್ದ. “ಬರ್ರಿ ಅವ್ವಾರ, ಎಚ್ಚರ ಅದಾಳ” ಎಂದು ಒಳಗೆ ಕರೆದ. ಆಕೆ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಕೈಗಳು ಎಷ್ಟು ತೆಳ್ಳಗಾಗಿದ್ದವೆಂದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು. ನನ್ನನ್ನು ನೋಡಿ ನಕ್ಕಳು. ಹಿಂದೆ ಬಾಗಿಲಲ್ಲಿ ನಿಂತವಳನ್ನು ನೋಡಿ ನಗು ನಿಲ್ಲಿಸಿದಳು.

ಶಿಗ್ಗಾಂವಿಯವಳು ದಾರಿಯಲ್ಲಿ ಹೊಂದಿಸಿಕೊಂಡ ಯಾವ ಮಾತನ್ನೂ ಆಡಲಿಲ್ಲ. “ತಪ್ಪಾಗೇತಿ ನಂದು” ಎಂದಳು, ಅಷ್ಟೇ.

ಮಷಿನ್ನಿನ ಸಪ್ಪಳ ನಿಂತಿತು, ಅಪ್ಪ ಆಲಿಸುತ್ತಿದ್ದನೇನೋ.

“ನೀ ಬಂದಿದ್ದು ಛಲೋ ಆತು” ಎಂದಳು ಆಕೆ. “ಆದ್ರ ನಾ ಅದನ್ನ ಮರತಿಲ್ಲ. ಮರತೇನಿ ಅಂತ ಸುಳ್ಳು ಹೇಳಿ ನಿನ್ನ ಸಮಾಧಾನ ಮಾಡೂವಷ್ಟು ತ್ರಾಣ ಈಗಿಲ್ಲ.”

ಶಿಗ್ಗಾಂವಿಯವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನಾ ಹೋಗಲೇನು ಹಂಗಾದ್ರ?”

“ಮರತಿಲ್ಲ ಅಂದ್ರ ಹೋಗು ಅಂತ ಅರ್ಥ ಅಲ್ಲ. ಕುಂದ್ರು.”

ಕುರ್ಚಿ ಒಂದೇ ಇತ್ತು, ಅದರಲ್ಲಿ ನಾನಿದ್ದೆ. ಶಿಗ್ಗಾಂವಿಯವಳು ಮಂಚದ ಬದಿಗೆ ಸಗಣಿ ಸಾರಿಸಿದ ನೆಲದ ಮೇಲೆ ಕೂತಳು. ಅಪ್ಪ ಚಹಾ ತಂದು ಕೊಟ್ಟ. ಕುಡಿದೆವು. ಹಳೆಯ ಮಾತು ಯಾರೂ ತೆಗೆಯಲಿಲ್ಲ. ಶಿಗ್ಗಾಂವಿಯ ಮಗಳು ಈ ವರ್ಷ ಕಾಲೇಜು ಸೇರಿದ್ದನ್ನು ಆಕೆಯೇ ಕೇಳಿ ತಿಳಿದುಕೊಂಡಳು. ಏನು ಓದುತ್ತಾಳೆ ಎಂದಳು. ಉತ್ತರ ಕೇಳುತ್ತಾ ಕೇಳುತ್ತಾ ಕಣ್ಣು ಮುಚ್ಚಿದಳು. ಮಂಚದಿಂದ ಕೆಳಗೆ ಜಾರಿದ ಕೈ ಶಿಗ್ಗಾಂವಿಯವಳ ಹೆಗಲ ಮೇಲೆ ಬಂದು ನಿಂತಿತು. ಬೇಕೆಂದು ಇಟ್ಟಳೋ, ನಿದ್ದೆಯಲ್ಲಿ ಬಿತ್ತೋ, ನನಗೆ ತಿಳಿಯಲಿಲ್ಲ. ಶಿಗ್ಗಾಂವಿಯವಳಿಗೂ ತಿಳಿದಿರಲಿಕ್ಕಿಲ್ಲ.

ಹೊರಗೆ ಬಿಸಿಲು ಇಳಿಯುತ್ತಿತ್ತು, ನಮಗೆ ಹೊತ್ತಾಗುತ್ತಿತ್ತು. ನಾನು ಎರಡು ಸಲ ಎದ್ದು ನಿಂತೆ. ಶಿಗ್ಗಾಂವಿಯವಳು ತಲೆ ಅಲ್ಲಾಡಿಸಿ ಬೇಡವೆಂದಳು. ಕಾಲು ಜೋಮು ಹಿಡಿದಿದ್ದವು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆ ಕೈ ತಾನಾಗಿ ಹಿಂದಕ್ಕೆ ಹೋಗುವವರೆಗೂ ಅವಳು ಮಿಸುಕಲಿಲ್ಲ.